ನಿಂತ ಚಿತ್ರಗಳನ್ನು ನಡೆಸುವಾಕೆ

ಬೆಳಗಿನ ಜಾವ ಐದು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ವ್ಯಾನಿನದು ಬಿಟ್ಟರೆ ರಸ್ತೆಯಲ್ಲಿ ಬೇರೆ ಸದ್ದಿಲ್ಲ. ಕೇಬಲ್ ಟಿವಿ ಕಚೇರಿಯ ಮೂರನೆಯ ಮಹಡಿಗೆ ಒಬ್ಬ ಹೆಂಗಸು ಕಂಬಿ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಉಸಿರು ಎಳೆದುಕೊಂಡು, ಮೆಟ್ಟಿಲು ಹತ್ತುತ್ತಿದ್ದಾರೆ. ಲಿಫ್ಟ್ ಇದೆ. ಆದರೆ ಅದರ ಬೀಗ ತೆಗೆಯುವ ಕಾವಲುಗಾರ ಬರುವುದು ಏಳು ಗಂಟೆಗೆ. ಅಷ್ಟು ಹೊತ್ತಿಗೆ ಈಕೆಯ ದಿನದ ಮುಖ್ಯ ಕೆಲಸ ಮುಗಿದಿರುತ್ತದೆ.

ಹಿಂದೆ ಹಳೆಯ ಟೇಪುಗಳನ್ನು ಒಟ್ಟುತ್ತಿದ್ದ ಕಿರುಕೋಣೆ ಅದು. ಕಿಟಕಿಯಿಲ್ಲ. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ತೋಳಿಗೆ ಬಟ್ಟೆ ಸುತ್ತಿದ ಒಂದು ಕುರ್ಚಿ. ಆಕೆ ಚೀಲವನ್ನು ಮೊಳೆಗೆ ತೂಗುಹಾಕುತ್ತಾರೆ, ಬಲ ಮಣಿಕಟ್ಟಿಗೆ ಪಟ್ಟಿ ಬಿಗಿಯುತ್ತಾರೆ, ಕನ್ನಡಕ ಏರಿಸುತ್ತಾರೆ. ಒಂದು ಕ್ಷಣ ಕಣ್ಣು ಮುಚ್ಚಿ ಕೂರುತ್ತಾರೆ. ಆಮೇಲೆ ಮೊದಲನೆಯ ಲಕೋಟೆ ಒಡೆಯುತ್ತಾರೆ.

ಲಕೋಟೆಯಲ್ಲಿ ಒಬ್ಬ ಹುಡುಗನ ಫೋಟೋ. ಏಳು ವರ್ಷ. ಶಾಲೆಯ ಅಂಗಿ, ಮುಂದಿನ ಎರಡು ಹಲ್ಲಿಲ್ಲದ ನಗು. ನಿನ್ನೆ ಮಧ್ಯಾಹ್ನ ಸಂತೆಯಲ್ಲಿ ತಂದೆಯ ಕೈ ತಪ್ಪಿ ಕಾಣೆಯಾದವನು.

ಪರದೆಯ ಮೇಲೆ ಆಕೆ ಹುಡುಗನ ಸುತ್ತ ಒಂದು ದೊಡ್ಡ ಚೌಕ ಎಳೆಯುತ್ತಾರೆ. ಅದರೊಳಗೆ ಇನ್ನೊಂದು ಸಣ್ಣ ಚೌಕ. ಮೊದಲನೆಯದರಿಂದ ಹೊರಟು ಎರಡನೆಯದರಲ್ಲಿ ನಿಲ್ಲು ಎಂದು ಯಂತ್ರಕ್ಕೆ ಹೇಳುತ್ತಾರೆ. ಗುಂಡಿ ಒತ್ತಿದರೆ ನಿಂತ ಚಿತ್ರ ಮೆಲ್ಲಗೆ ಹತ್ತಿರ ಬರುತ್ತದೆ. ಯಾರೋ ಆ ಹುಡುಗನ ಕಡೆಗೆ ನಡೆದು ಹೋಗುತ್ತಿರುವಂತೆ ಕಾಣುತ್ತದೆ. ಹೀಗೆ ಚಿತ್ರದ ಹತ್ತಿರ ಹೋಗುವುದನ್ನು ಎಡಿಟಿಂಗ್ ಮಾಡುವವರು ಜೂಮ್ ಎನ್ನುತ್ತಾರೆ, ಚಿತ್ರದ ಮೇಲೆ ಆಚೀಚೆ ಸರಿಯುವುದನ್ನು ಪ್ಯಾನ್ ಎನ್ನುತ್ತಾರೆ.

"ನಡುವಿನ ದಾರೀನ ಅದೇ ನಡ್ಕೊಂಡು ಹೋಗುತ್ತೆ. ಎಲ್ಲಿಂದ ಹೊರಡ್ಬೇಕು, ಎಲ್ಲಿ ನಿಲ್ಬೇಕು, ಅಷ್ಟು ಹೇಳೋದೇ ನಮ್ಮ ಕೆಲಸ" ಎನ್ನುತ್ತಾರೆ ಆಕೆ.

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು 'ಫೋಟೋ ಅಕ್ಕ' ಎಂದೇ ಕರೆಯುತ್ತಾರೆ. ವ್ಯವಸ್ಥಾಪಕರಿಗೂ ಅಕ್ಕ, ಕಾವಲುಗಾರನಿಗೂ ಅಕ್ಕ. ದಿನವೂ ಬೆಳಿಗ್ಗೆ ಆರೂವರೆಗೆ ಪ್ರಸಾರವಾಗುವ 'ಕಾಣೆಯಾದವರು' ಕಾರ್ಯಕ್ರಮದ ಪ್ರತಿಯೊಂದು ಚಿತ್ರವೂ ಹದಿನಾಲ್ಕು ವರ್ಷದಿಂದ ಇವರ ಕೈಯಿಂದಲೇ ಹೋಗುತ್ತಿದೆ. ಹವಾಮಾನದ ಮೊದಲು, ತರಕಾರಿ ದರದ ನಂತರ ಬರುವ ಆ ಕಾರ್ಯಕ್ರಮವನ್ನು ನೀವು ನೋಡಿರಬಹುದು. ಹಲ್ಲುಜ್ಜುತ್ತಾ ನೋಡಿರಬಹುದು, ನೋಡದೆಯೂ ಇದ್ದಿರಬಹುದು.

ದಿನಕ್ಕೆ ಸುಮಾರು ಐವತ್ತು ಚಿತ್ರ ಬರುತ್ತವೆ. ಅವುಗಳಲ್ಲಿ ಹೊಸವು ಐದೋ ಆರೋ. ಉಳಿದವು ಹಿಂದಿನ ದಿನಗಳಲ್ಲಿ ಮಾಡಿಟ್ಟವು. ಒಂದು ಚಿತ್ರ ಒಂಬತ್ತು ದಿನ ಬರುತ್ತದೆ, ಆಮೇಲೆ ಇನ್ನೊಬ್ಬರಿಗೆ ಜಾಗ ಬಿಡುತ್ತದೆ. ಹದಿನಾಲ್ಕು ವರ್ಷಕ್ಕೆ ಇಪ್ಪತ್ತೈದು ಸಾವಿರ ಮುಖ ದಾಟಿರಬೇಕು ಎಂದು ಅಂದಾಜು. ಅವರಲ್ಲಿ ಮನೆ ಸೇರಿದವರು ಎಷ್ಟು? ಆ ಸಂಖ್ಯೆ ಯಾರ ಬಳಿಯೂ ಇಲ್ಲ.

"ಸಿಕ್ಕಿದ್ರೆ ನಮಗೆ ಯಾರು ಹೇಳ್ತಾರೆ? ಮನೆಗೆ ಬಂದೋರ ಮುಖ ನೋಡ್ತಾರೋ, ನಮಗೆ ಫೋನ್ ಮಾಡ್ತಾ ಕೂರ್ತಾರೋ? ಮಾಡಬಾರದು ಕೂಡ. ಸಿಕ್ಕ ಖುಷೀಲಿ ನಾವು ನೆನಪಾಗದಿದ್ರೇ ಒಳ್ಳೇದು."

ಹದಿನೇಳನೆಯ ವಯಸ್ಸಿನಲ್ಲಿ ಆಕೆ ಒಂದು ಫೋಟೋ ಸ್ಟುಡಿಯೋ ಸೇರಿದರು. ಅಚ್ಚಾದ ಫೋಟೋಗಳ ಮೇಲೆ ಧೂಳಿನಿಂದಾದ ಬಿಳಿ ಚುಕ್ಕೆಗಳಿಗೆ ಕೂದಲೆಳೆಯಷ್ಟು ಸಣ್ಣ ಕುಂಚದಿಂದ ಬಣ್ಣ ತುಂಬುವ ಕೆಲಸ. "ಮಚ್ಚೆ ತೆಗೀಬೇಡ ಮಗಳೇ, ಮಚ್ಚೆ ಅವರದು. ಧೂಳು ತೆಗಿ, ಧೂಳು ನಮ್ಮದು" ಎಂದು ಸ್ಟುಡಿಯೋದ ಮುದುಕ ಮಾಲೀಕರು ಮೊದಲ ದಿನವೇ ಹೇಳಿಕೊಟ್ಟರಂತೆ. ಎಲ್ಲರ ಕೈಗೂ ಕ್ಯಾಮೆರಾ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಆರು ತಿಂಗಳು ಮನೆಯಲ್ಲಿ ಕೂತರು. ಕೇಬಲ್ ಕಚೇರಿಯವರು ಕರೆದಾಗ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಕುಂಚ ಹಿಡಿದಂತೆ ಮೂರು ಬೆರಳಲ್ಲಿ ಅದನ್ನು ಎತ್ತಿ ಹಿಡಿದು ನಗೆಪಾಟಲಾದದ್ದನ್ನು ಆಕೆ ಇವತ್ತಿಗೂ ತಾವೇ ಹೇಳಿಕೊಂಡು ನಗುತ್ತಾರೆ.

ಚೌಕ ಎಳೆಯುವುದನ್ನು ಒಂದು ವಾರದಲ್ಲಿ ಕಲಿತರು. ಎಲ್ಲಿ ಎಳೆಯಬೇಕು ಎಂಬುದನ್ನು ಕಲಿಯಲು ವರ್ಷಗಳು ಬೇಕಾದವು. ಅದನ್ನು ಯಾರೂ ಹೇಳಿಕೊಡಲಿಲ್ಲ.

"ಮುಖಕ್ಕೇ ನುಗ್ಗಬಾರದು. ಬೇಗ ಬೇಗ ಹತ್ರ ಹೋದ್ರೆ ಕಳ್ಳನ್ನ ತೋರಿಸ್ದ ಹಾಗಿರುತ್ತೆ. ಮೆಲ್ಲಗೆ ಹೋಗ್ಬೇಕು, ಮಲಗಿರೋರನ್ನ ಎಬ್ಬಿಸೋಕೆ ಹೋಗ್ತೀವಲ್ಲ, ಹಾಗೆ. ಮೀಸೆ ಇದ್ರೆ ಕಣ್ಣಿಂದ ಶುರು ಮಾಡ್ತೀನಿ, ಮೀಸೆ ಈಗಾಗ್ಲೇ ಬೋಳಿಸಿರ್ಬಹುದು. ಮಕ್ಕಳಾದ್ರೆ ಮುಖ ತೋರಿಸಿ ಕೆಳಗೆ ಇಳಿದು ಕಾಲು ತೋರಿಸ್ತೀನಿ, ಅಳೋ ಮಗೂನ ಜನ ಮೊದಲು ನೋಡೋದು ಚಪ್ಪಲಿ ಇದೆಯಾ ಅಂತ. ಹಿಂದಕ್ಕೆ ಸರಿಯೋದು ಮಾತ್ರ ಯಾವತ್ತೂ ಇಲ್ಲ. ಹಿಂದಕ್ಕೆ ಸರಿದ್ರೆ ನಾವೇ ಕಳಿಸಿಕೊಟ್ಟ ಹಾಗಾಗುತ್ತೆ."

ಸಾಫ್ಟ್‌ವೇರಿನಲ್ಲಿ 'ಆಟೋ' ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಚೌಕ ಎಳೆಯುವ ಗೋಜೇ ಇಲ್ಲ. ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಯಂತ್ರವೇ ಹುಡುಕಿ ಅದರ ಹತ್ತಿರ ಹೋಗಿ ನಿಲ್ಲುತ್ತದೆ. ಮದುವೆಯ ವಿಡಿಯೋ ಮಾಡುವವರಿಗೆ ಅದು ವರ. ಫೋಟೋ ಅಕ್ಕ ಅದನ್ನು ಒತ್ತುತ್ತಿರಲಿಲ್ಲ.

ಮನೆಯಲ್ಲಿ ಇರುವುದು ಇಬ್ಬರೇ, ಆಕೆ ಮತ್ತು ಎಂಬತ್ತೆರಡು ವರ್ಷದ ಅತ್ತೆ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಗೋಡೆಯ ಮೇಲೆ ಅವರ ಫೋಟೋ ಇದೆ, ಕೆಲಸದ ಅಂಗಿಯಲ್ಲಿ, ಜೇಬಿನಲ್ಲಿ ಸ್ಕ್ರೂಡ್ರೈವರ್ ಸಮೇತ. ಊರಿನವರ ಫೋಟೋಗಳನ್ನೆಲ್ಲ ನಡೆಸಿದ ಹೆಂಡತಿ ಆ ಒಂದನ್ನು ಕಂಪ್ಯೂಟರಿಗೆ ಹಾಕಿಲ್ಲ.

"ಅವರನ್ನ ನಡೆಸೋಕೆ ಮನಸ್ಸು ಬರಲ್ಲ. ನಡೆಸಿದ್ರೆ ಎಲ್ಲಿ ನಿಲ್ಲಿಸ್ಲಿ ಹೇಳಿ" ಎನ್ನುತ್ತಾರೆ. "ದೇವರು ನಿಲ್ಲಿಸಿದ ಕಡೆ ನಿಂತಿದ್ದಾರೆ, ಇರ್ಲಿ" ಎಂದು ಸೇರಿಸುತ್ತಾರೆ.

ಅತ್ತೆ ಆಕೆಯ ಖಾಯಂ ವೀಕ್ಷಕಿ. ಆರೂವರೆಗೆ ಸರಿಯಾಗಿ ಟಿವಿ ಮುಂದೆ ಕೂತಿರುತ್ತಾರೆ. ಸೊಸೆ ಮನೆಗೆ ಬಂದ ಕೂಡಲೇ ವಿಚಾರಣೆ ಶುರು.

"ಆ ಬೋಳುತಲೆಯವನನ್ನ ಯಾಕಮ್ಮ ಅಷ್ಟು ಹತ್ರ ತೋರಿಸ್ದೆ? ತಲೆ ಬಿಟ್ಟು ಬೇರೇನೂ ಕಾಣ್ಲಿಲ್ಲ."

"ಅವರ ತಲೆ ಮೇಲೆ ಗಾಯದ ಗುರುತಿತ್ತು ಅತ್ತೆ."

"ಓ, ಗುರುತಾ? ನಾನು ಟಿವಿ ಮೇಲೆ ನೊಣ ಕೂತಿದೆ ಅಂತ ಬಟ್ಟೆ ತಗೊಂಡು ಒರೆಸ್ದೆ."

ಈ ಅತ್ತೆ ಕಳೆದ ತಿಂಗಳು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೊಸೆ ಎರಡು ದಿನ ಆಸ್ಪತ್ರೆಗೂ ಮನೆಗೂ ತಿರುಗಿ ಹೈರಾಣಾದರು. ಮೂರನೆಯ ಬೆಳಿಗ್ಗೆ ಕಣ್ಣೆವೆ ಮುಚ್ಚದೆಯೇ ಕೆಲಸಕ್ಕೆ ಬಂದರು. ರಜೆಯ ದಿನಗಳು ಆಗತಾನೇ ಮುಗಿದಿದ್ದವು. ಜನಜಂಗುಳಿಯಲ್ಲಿ ತಪ್ಪಿಸಿಕೊಂಡವರ ಹೊಸ ಚಿತ್ರಗಳೇ ಅಂದು ಇಪ್ಪತ್ತೆರಡು ಬಂದಿದ್ದವು.

ಹದಿನೆಂಟನ್ನು ಕೈಯಲ್ಲೇ ಮಾಡಿದರು. ಗಡಿಯಾರ ಆರು ಹತ್ತು ತೋರಿಸುತ್ತಿತ್ತು. ಹತ್ತೊಂಬತ್ತನೆಯದು ಯಾವುದೋ ಸಮಾರಂಭದ ದಿನ ಒಂದೇ ಮನೆಯ ಆರು ಜನ ಕಾಲೇಜಿನ ಮೆಟ್ಟಿಲ ಮೇಲೆ ಎರಡು ಸಾಲಾಗಿ ಕೂತಿದ್ದ ಫೋಟೋ. ಕಾಣೆಯಾದಾಕೆಗೆ ಎಪ್ಪತ್ತೊಂದು ವರ್ಷ, ಮರೆವಿನ ಕಾಯಿಲೆ. ಆರರಲ್ಲಿ ಯಾರು ಎಂಬುದನ್ನು ಆಕೆಯ ಗಂಡ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದರು: "ಮುಂದಿನ ಸಾಲು, ಎಡದಿಂದ ಎರಡನೆಯವಳು."

ಫೋಟೋ ಅಕ್ಕ ಬೆನ್ನು ತಿರುಗಿಸಿ ನೋಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ 'ಆಟೋ' ಒತ್ತಿದರು. ಎಷ್ಟೆಂದರೂ ಯಂತ್ರ. ಆರು ಮುಖಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡ, ಬಾಯಿತುಂಬ ನಗುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಅವರು ಎಡದಿಂದ ಮೂರನೆಯವರು. ಒಮ್ಮೆ ತಯಾರಾದ ಚಿತ್ರವನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಅದು ದಿನವೂ ತನ್ನ ಸರದಿಯಲ್ಲಿ ಬರುತ್ತದೆ, ಹೋಗುತ್ತದೆ. ಮನೆಯಲ್ಲಿ ಕಣ್ಣಿಟ್ಟು ನೋಡುವ ಅತ್ತೆ ಹಾಸಿಗೆ ಹಿಡಿದಿದ್ದರು.

ಎಂಟನೆಯ ದಿನ ಬೆಳಿಗ್ಗೆ ಏಳಕ್ಕೆ ಕಿರುಕೋಣೆಯ ಬಾಗಿಲು ದಢಾರನೆ ತೆರೆಯಿತು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಐವತ್ತೆಂಟರ ಹೆಂಗಸೊಬ್ಬರು ಏದುಸಿರು ಬಿಡುತ್ತಾ ನಿಂತಿದ್ದರು. ನೋಡಿದ ಕೂಡಲೇ ಫೋಟೋ ಅಕ್ಕನಿಗೆ ಗುರುತು ಹತ್ತಿತು. ಪರದೆಯ ಮೇಲಿನ ಮುಖವೊಂದು ತಾನಾಗಿ ಮೆಟ್ಟಿಲು ಹತ್ತಿ ಬಂದದ್ದು ಅದೇ ಮೊದಲು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು.

"ಅಯ್ಯೋ, ಸಿಕ್ಕಿದ್ರಾ ಅಮ್ಮಾ! ದೇವರು ದೊಡ್ಡೋನು. ಬನ್ನಿ, ಕೂತ್ಕೊಳ್ಳಿ, ನೀರು ಕೊಡ್ತೀನಿ."

"ಸಿಕ್ಕೋಕೆ ನಾನು ಎಲ್ಲಿ ಹೋಗಿದ್ದೆ?" ಎಂದರು ಬಂದಾಕೆ. "ನನ್ನ ಅಂಗಡೀಲೇ ಇದ್ದೀನಿ, ಬಟ್ಟೆ ಹೊಲೀತಾ. ಒಂದು ವಾರದಿಂದ ಬೀದೀಲಿ ತಲೆ ಎತ್ತೋ ಹಾಗಿಲ್ಲ. ತರಕಾರಿಯವನು ಕೈ ಹಿಡ್ಕೊಂಡು, 'ಬಾ ಅಜ್ಜಿ, ಮನೆಗೆ ಬಿಡ್ತೀನಿ' ಅಂತಾನೆ. ಬಸ್ಸಿಂದ ಎರಡು ಸಲ ಇಳಿಸಿದ್ದಾರೆ. ನಿನ್ನೆ ಒಬ್ಬ ಪೊಲೀಸಪ್ಪ ಸ್ಟೇಷನ್ನಲ್ಲಿ ಕೂರಿಸಿ, 'ನಿಮ್ಮ ಹೆಸರು ನೆನಪಿದೆಯಾ, ಮಕ್ಕಳು ಎಷ್ಟು ಜನ' ಅಂತ ಎಳೆಮಗೂನ ಕೇಳಿದ ಹಾಗೆ ಕೇಳ್ದ. ನಾನು ಕಳೆದುಹೋಗಿಲ್ಲ ಕಣಪ್ಪ ಅಂದ್ರೆ, 'ಹೌದು ಹೌದು, ಎಲ್ಲರೂ ಹಾಗೇ ಹೇಳೋದು' ಅಂದ. ಅದರ ಮೇಲೆ ನನ್ನ ಮುಖದ ಕೆಳಗೆ ಎಪ್ಪತ್ತೊಂದು ವರ್ಷ ಅಂತ ಬೇರೆ ಹಾಕಿದ್ದೀರಂತೆ!"

ಇಷ್ಟು ಹೇಳಿ ಆಕೆ ಬಾಗಿಲಿಗೆ ಒರಗಿದರು.

"ಕಳೆದುಹೋಗಿರೋದು ನಮ್ಮಕ್ಕ ಕಣ್ರೀ. ಪಕ್ಕದಲ್ಲಿ ಕೂತಿರೋಳು."

ಫೋಟೋ ಅಕ್ಕ ಹಳೆಯ ಲಕೋಟೆಗಳ ಕಟ್ಟು ಬಿಚ್ಚಿದರು. ಲಕೋಟೆಯಿಂದ ಫೋಟೋ ತೆಗೆದು ತಿರುಗಿಸಿದರು. ಪೆನ್ಸಿಲಿನ ಅಕ್ಷರ ಎಂಟು ದಿನದಿಂದ ಅಲ್ಲಿಯೇ ಕಾಯುತ್ತಿತ್ತು.

ಮನೆಯವರು ಯಾರೂ ಟಿವಿ ನೋಡಿರಲಿಲ್ಲ. ನೋಡುವ ಹೊತ್ತಿಗೆ ಅವರೆಲ್ಲ ಬೀದಿಯಲ್ಲಿರುತ್ತಿದ್ದರು. ಕಾಣೆಯಾದಾಕೆಯ ಗಂಡ ದಿನವೂ ನಸುಕಿಗೇ ಮನೆ ಬಿಟ್ಟು ಒಂದೊಂದು ದಿಕ್ಕಿಗೆ ನಡೆಯುತ್ತಿದ್ದರು. ಅವರು ನಿವೃತ್ತ ಅಂಚೆಯವರು, ಊರಿನ ಗಲ್ಲಿಗಲ್ಲಿ ಬಲ್ಲವರು. ಟಿವಿಯಲ್ಲಿ ಬರುತ್ತಿದೆ ಎಂಬುದೊಂದೇ ಅವರ ಧೈರ್ಯವಾಗಿತ್ತು. ಆ ಒಂದು ಕೆಲಸ ತನ್ನಷ್ಟಕ್ಕೆ ನಡೆಯುತ್ತಿದೆ ಎಂದು ನಂಬಿ ಉಳಿದ ಕಡೆ ಹುಡುಕುತ್ತಿದ್ದರು.

ಹದಿನಾಲ್ಕು ವರ್ಷ ಫೋಟೋ ಅಕ್ಕನ ಮನಸ್ಸಿನಲ್ಲಿ ಒಂದು ಸಂದೇಹವಿತ್ತು. ಈ ಕಾರ್ಯಕ್ರಮವನ್ನು ಅತ್ತೆಯ ಹೊರತು ಬೇರೆ ಯಾರಾದರೂ ನೋಡುತ್ತಾರೆಯೇ? ನೋಡಿದವರಿಗೆ ಮುಖ ನೆನಪಿರುತ್ತದೆಯೇ? ಅಂದು ಉತ್ತರ ಸಿಕ್ಕಿತು. ತರಕಾರಿಯವನು, ಬಸ್ಸಿನವರು, ಪೊಲೀಸರು, ಎಲ್ಲರೂ ನೋಡುತ್ತಾರೆ. ಎಲ್ಲರಿಗೂ ನೆನಪಿರುತ್ತದೆ. ಒಂದೇ ವಾರದಲ್ಲಿ ಒಬ್ಬ ಹೆಂಗಸನ್ನು ಇಡೀ ಊರು ಕೈ ಹಿಡಿದು ಮನೆ ಮುಟ್ಟಿಸಲು ಹೊರಟಿತ್ತು. ಆದರೆ ಅವರು ಬೇರೆಯವರು.

"ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ ನನಗೆ. ನಾನು ಸರಿಯಾಗಿ ಮಾಡಿದ್ದಿದ್ರೆ ಎರಡನೇ ದಿನಕ್ಕೇ ಸಿಕ್ಕಿರ್ತಿದ್ರು ಅಂತ ನನ್ನ ತಪ್ಪೇ ನನಗೆ ತೋರಿಸ್ಕೊಡ್ತು" ಎನ್ನುತ್ತಾರೆ ಆಕೆ.

ವ್ಯವಸ್ಥಾಪಕರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು. ಮತ್ತೆ ಮೊದಲಿಂದ ಒಂಬತ್ತು ದಿನ ಕೊಡಿ ಎಂದು ಬೇಡಿದರು.

"ಆಗಲ್ಲ ಅಕ್ಕ" ಎಂದರು ಅವರು. ಕೆಟ್ಟ ಮನುಷ್ಯರಲ್ಲ. "ಸಾಲಲ್ಲಿ ಹನ್ನೆರಡು ಫೋಟೋ ಕಾಯ್ತಾ ಇವೆ. ಅವರೂ ಯಾರದೋ ಮನೆಯವರೇ ಅಲ್ವಾ? ಇವರಿಗೆ ಕೊಟ್ರೆ ಅವರಲ್ಲಿ ಯಾರನ್ನ ಬಿಡ್ಲಿ, ನೀವೇ ಹೇಳಿ."

ಉಳಿದಿದ್ದು ಮರುದಿನದ ಒಂದೇ ಬೆಳಿಗ್ಗೆ, ಒಂಬತ್ತನೆಯದು.

ದರ್ಜಿ ತಂಗಿ ಅಂಗಡಿಗೆ ಹೋಗಲಿಲ್ಲ. ಇಬ್ಬರೂ ಆ ಕಿರುಕೋಣೆಯಲ್ಲಿ ಪಕ್ಕಪಕ್ಕ ಕೂತರು. ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿ ಹತ್ತಿರ ಹೋದರೆ ಮುಖವೇ ಇಲ್ಲ. ಕಾಣೆಯಾದ ಅಕ್ಕ ಆ ಹೊತ್ತಿಗೆ ಸರಿಯಾಗಿ ಆಚೆ ತಿರುಗಿದ್ದರು. ಒಂದು ಕೆನ್ನೆ, ಒಂದು ಕಿವಿ, ಅರ್ಧ ಕನ್ನಡಕ. ಇನ್ನೂ ಹತ್ತಿರ ಹೋದರೆ ಕೆನ್ನೆ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು.

"ಬೇರೆ ಫೋಟೋನೇ ಇಲ್ವಾ ಅಮ್ಮ?"

"ಕ್ಯಾಮೆರಾ ಕಂಡ್ರೆ ಮುಖ ತಿರುಗಿಸ್ತಾಳೆ ಅವಳು, ಚಿಕ್ಕವಳಿದ್ದಾಗಿಂದ. ನಾನು ಎಲ್ಲಾ ಫೋಟೋದಲ್ಲೂ ಹಲ್ಲು ಕಿರೀತಾ ಇರ್ತೀನಿ, ಅವಳು ಎಲ್ಲಾ ಫೋಟೋದಲ್ಲೂ ಏನೋ ಹುಡುಕ್ತಾ ಇರ್ತಾಳೆ."

"ನಿಮ್ಮನ್ನ ನೋಡಿದ್ರೆ ಅವರನ್ನ ನೋಡಿದ ಹಾಗಿರುತ್ತಾ?"

"ಎಲ್ಲಿಂದ? ಅವಳು ಅಪ್ಪನ ಹಾಗೆ, ನಾನು ಅಮ್ಮನ ಹಾಗೆ. ಅಕ್ಕತಂಗಿ ಅಂದ್ರೆ ಯಾರೂ ನಂಬಲ್ಲ."

"ಹಿಂದಿನಿಂದ ನೋಡಿದ್ರೆ ಅವರೇ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ತಂಗಿ ಯೋಚಿಸಿದರು. ಬಳಿಕ ತಮ್ಮ ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದು ತೋರಿಸಿದರು. "ಹೀಗೆ ಹಿಡ್ಕೊಂಡಿರ್ತಾಳೆ. ಯಾರೋ ಓಡಿಹೋಗದ ಹಾಗೆ ಹಿಡ್ಕೊಂಡಂತೆ. ನಮ್ಮಮ್ಮ ಕೆಲಸಕ್ಕೆ ಹೋಗ್ತಿದ್ಲು. ನನ್ನನ್ನ ಸಾಕಿದ್ದು ಅವಳೇ. ರಸ್ತೆ ದಾಟುವಾಗ ನನ್ನ ಮಣಿಕಟ್ಟು ಹಿಡೀತಿದ್ಲು, ಬಿಡ್ತಿರ್ಲಿಲ್ಲ. ನಾನು ದೊಡ್ಡವಳಾದೆ, ಅವಳು ತನ್ನದೇ ಹಿಡ್ಕೊಂಡ್ಲು."

ಫೋಟೋದಲ್ಲೂ ಆ ಕೈಗಳು ಹಾಗೆಯೇ ಇದ್ದವು, ಮಡಿಲಲ್ಲಿ.

ಇಡೀ ಬೆಳಿಗ್ಗೆ ಚೌಕ ಎಳೆದರು, ಅಳಿಸಿದರು. ಕೈಯಿಂದ ಶುರು ಮಾಡಿ ನೋಡಿದರು, ಯಾರ ಕೈ ಎಂದೇ ತಿಳಿಯದಾಯಿತು. ದೂರದಿಂದ ನೋಡಿದರು, ಆರು ಜನರಲ್ಲಿ ಅಕ್ಕ ಕಳೆದೇ ಹೋದರು. ಹನ್ನೊಂದು ಗಂಟೆಯ ಹೊತ್ತಿಗೆ ಫೋಟೋ ಅಕ್ಕ ಮೌಸ್ ಬಿಟ್ಟು ತಂಗಿಯ ಮುಖ ದಿಟ್ಟಿಸಿದರು.

"ಊರಿಗೆಲ್ಲ ನಿಮ್ಮ ಮುಖ ಪರಿಚಯ ಆಗಿದೆ ಅಲ್ವಾ ಅಮ್ಮ?"

"ಆಗದೆ ಏನು, ಎಂಟು ದಿನ ತೋರಿಸಿ ಮಾನ ಕಳೆದಿದ್ದೀರಲ್ಲ."

"ಹಾಗಾದ್ರೆ ಇನ್ನೊಂದು ದಿನ ಕಳೀತೀನಿ. ನಿಮ್ಮಿಂದಲೇ ಹೊರಡ್ತೀನಿ."

ಮೊದಲ ಚೌಕವನ್ನು ತಂಗಿಯ ನಗುಮುಖದ ಮೇಲೆ ಎಳೆದರು. ಎರಡನೆಯದನ್ನು ಪಕ್ಕದಲ್ಲಿ, ಅಕ್ಕನ ಮಡಿಲಿನ ಕೈಗಳಿಂದ ತಿರುಗಿದ ಕೆನ್ನೆಯವರೆಗೆ, ಚಿತ್ರ ಒಡೆಯದಷ್ಟು ದೊಡ್ಡದಾಗಿ ಎಳೆದರು. ಎಲ್ಲರೂ ಬಲ್ಲ ಮುಖದಿಂದ ಹೊರಟು, ಭುಜದ ಮೇಲಿಂದ ಮೆಲ್ಲಗೆ ಸರಿದು, ಯಾರೂ ನೋಡದ ಮುಖದ ಬಳಿ ನಿಲ್ಲುವ ದಾರಿ ಅದು. ಅಡಿಯಲ್ಲಿ ಒಂದು ಸಾಲು: "ಇವರಲ್ಲ, ಇವರ ಪಕ್ಕದಲ್ಲಿರುವವರು."

ಮರುದಿನ ಆರೂವರೆ ದಾಟಿದ ಮೇಲೆ ಅದು ಪ್ರಸಾರವಾಯಿತು. ಇಬ್ಬರೂ ಕಚೇರಿಯ ಟಿವಿಯಲ್ಲಿ ನೋಡಿದರು. ಆಮೇಲೆ ಫೋನಿನ ಮುಂದೆ ಕೂತರು. ತಂಗಿ ಬಾಯಲ್ಲೇ ದೇವರ ಹೆಸರು ಹೇಳುತ್ತಿದ್ದರು. ಫೋಟೋ ಅಕ್ಕನಿಗೆ ಅದಕ್ಕೂ ಧೈರ್ಯ ಬರಲಿಲ್ಲ. ಯಾವ ಮುಖ ಹೊತ್ತು ಕೇಳಲಿ ಎನ್ನಿಸಿತಂತೆ.

ಏಳಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಎರಡು ತಾಸಿನ ದಾರಿಯಲ್ಲಿರುವ, ಇದೇ ಕೇಬಲ್ ಬರುವ ಇನ್ನೊಂದು ಊರಿನ ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಹೆಂಗಸು.

"ಅಮ್ಮಾ, ನೀವು ಟಿವೀಲಿ ತೋರಿಸಿದ್ರಲ್ಲ, ಆ ಪಕ್ಕದೋರು... ನನ್ನ ಪಕ್ಕದಲ್ಲೇ ನಿಂತಿದ್ದಾರೆ ಕಣಮ್ಮಾ!"

ವಿವರ ಆಮೇಲೆ ತಿಳಿಯಿತು. ಯಾವುದೋ ಬಸ್ಸು ಹತ್ತಿ ಅಲ್ಲಿ ಇಳಿದಿದ್ದ ಮುದುಕಿ ಎಂಟು ದಿನದಿಂದ ನಿಲ್ದಾಣದ ಬೆಂಚಿನ ಮೇಲೆ ಇದ್ದರು. ಕೇಳಿದವರಿಗೆಲ್ಲ "ನನ್ನ ತಂಗಿ ಬರ್ತಾಳೆ" ಎನ್ನುತ್ತಿದ್ದರು. ಬಸ್ ನಿಲ್ದಾಣದಲ್ಲಿ ಯಾರಿಗೋ ಕಾಯುವವರನ್ನು ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಗುಡಿಸುವ ಹೆಂಗಸು ತನ್ನ ಊಟದಲ್ಲೇ ಪಾಲು ಕೊಡುತ್ತಿದ್ದಳು. ದಿನಾ ಬೆಳಿಗ್ಗೆ ನಿಲ್ದಾಣದ ಟಿವಿ ಹಾಕಿದಾಗ ಮುದುಕಿ ಅದರ ಮುಂದೆ ಹೋಗಿ ನಿಲ್ಲುತ್ತಿದ್ದರು. ನಗುವ ಹೆಂಗಸಿನ ಮುಖ ಬಂದಾಗ "ನೋಡು, ಬಂದ್ಲು" ಎನ್ನುತ್ತಿದ್ದರು. ತಲೆ ಕೆಟ್ಟಿದೆ, ಪಾಪ, ಎಂದುಕೊಂಡಿದ್ದಳು ಗುಡಿಸುವವಳು. ಒಂಬತ್ತನೆಯ ದಿನ ಆ ನಗುಮುಖ ಪಕ್ಕಕ್ಕೆ ಸರಿಯಿತು. ಮಣಿಕಟ್ಟು ಹಿಡಿದ ಎರಡು ಕೈ ಕಂಡವು. ಆಕೆ ಪರದೆ ನೋಡಿದಳು, ಪಕ್ಕಕ್ಕೆ ತಿರುಗಿ ನೋಡಿದಳು. ಪೊರಕೆ ಕೈಯಿಂದ ಜಾರಿತು.

ಈ ಸುದ್ದಿ ಕಚೇರಿಯಲ್ಲೆಲ್ಲ ಹಬ್ಬಿತು. ವ್ಯವಸ್ಥಾಪಕರು ಕಿರುಕೋಣೆಗೆ ಬಂದು ಬೆನ್ನು ತಟ್ಟಿದರು.

"ನೋಡಿದ್ರಾ ಅಕ್ಕ, ನಿಮ್ಮ ತಪ್ಪಿಂದ ಒಳ್ಳೇದೇ ಆಯ್ತು! ದಿನಾ ತಂಗಿ ಮುಖ ತೋರಿಸ್ದೆ ಇದ್ದಿದ್ರೆ ಆಯಮ್ಮ ಇನ್ನೊಂದು ಬಸ್ಸು ಹತ್ತಿ ಎಲ್ಲಿಗೆ ಹೋಗ್ತಿದ್ರೋ."

"ದೇವರು ಮಾಡಿದ್ದನ್ನ ನನ್ನ ಹೆಸರಿಗೆ ಬರೀಬೇಡಿ ಸಾರ್" ಎಂದರು ಆಕೆ. "ನಾನು ಮಾಡಿದ್ದು ತಪ್ಪು. ಅಷ್ಟೇ ನನ್ನದು."

ಮೂರು ದಿನದ ನಂತರ, ಫೋಟೋ ವಾಪಸು ಒಯ್ಯಲು ಮುದುಕಿಯ ಗಂಡ ಬಂದರು. ನಡೆದು ನಡೆದು ಕಾಲು ಬಾತಿದ್ದವು, ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡೇ ಹಾಕಿದ್ದರು. ಫೋಟೋ ಅಕ್ಕ ಎದ್ದು ನಿಂತರು, ಕ್ಷಮಿಸಿ ಎಂದರು. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಫೋಟೋವನ್ನು ಜೇಬಿಗೆ ಹಾಕಿಕೊಂಡು, "ಎಂಟು ದಿನ ಬೆಂಚಿನ ಮೇಲೆ ಮಲಗಿದ್ಲು ತಾಯಿ, ಬಲಗಡೆಯೆಲ್ಲ ನೋವು ಅಂತಾಳೆ" ಎಂದರು. ಕಂಬಿ ಹಿಡಿದು ಮೆಟ್ಟಿಲಿಳಿದರು.

"ಅವರು ಬೈದಿದ್ರೆ ಹಗುರಾಗ್ತಿತ್ತು. ಬೈಯದೇ ಹೋದ್ರಲ್ಲ, ಅದು ಸರಿ. ಹೊತ್ಕೊಂಡಿರ್ಬೇಕು ಸ್ವಲ್ಪ ದಿನ" ಎನ್ನುತ್ತಾರೆ ಫೋಟೋ ಅಕ್ಕ.

ಈಗ ಪ್ರತಿ ಲಕೋಟೆಯ ಫೋಟೋವನ್ನೂ ಮೊದಲು ಬೆನ್ನು ಮೇಲಾಗಿ ಮೇಜಿನ ಮೇಲೆ ಇಡುತ್ತಾರೆ. ಓದಿದ ಮೇಲೆಯೇ ತಿರುಗಿಸುತ್ತಾರೆ. ಪ್ರಸಾರಕ್ಕೆ ಮೊದಲು ಹಳೆಯ ಚಿತ್ರಗಳನ್ನೂ ದಿನವೂ ಒಂದು ಸುತ್ತು ನೋಡುತ್ತಾರೆ. ಅದಕ್ಕಾಗಿ ಅರ್ಧ ಗಂಟೆ ಮುಂಚೆ ಮನೆ ಬಿಡಬೇಕಾಗಿದೆ. ಅತ್ತೆಗೆ ಕೋಲೂರಿ ನಾಲ್ಕು ಹೆಜ್ಜೆ ಇಡುವಷ್ಟು ಚೇತರಿಕೆಯಾಗಿದೆ, ಬಾಯಿಗಂತೂ ಪೂರ್ತಿ ಚೇತರಿಕೆಯಾಗಿದೆ. "ನಾನು ಹತ್ತು ದಿನ ನೋಡದಿದ್ರೆ ಊರನ್ನೇ ತಲೆಕೆಳಗು ಮಾಡಿಟ್ಟಿದ್ದೀಯಲ್ಲೇ" ಎಂದು ದಿನಕ್ಕೊಮ್ಮೆ ಹೇಳದೆ ಬಿಡುವುದಿಲ್ಲ. ಸೊಸೆಯ ಮಣಿಕಟ್ಟಿನ ನೋವಿಗೆ ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ಅದು ಸಿಗುವ ಲಕ್ಷಣವಿಲ್ಲ. ಈ ಕೆಲಸ ಕಲಿಯಲು ಯಾರೂ ಬಂದಿಲ್ಲ.

ಈ ಬೆಳಗಿನ ಮೊದಲ ಲಕೋಟೆಯ ಹುಡುಗನ ಚಿತ್ರ ಮುಗಿದಿದೆ. ಆಕೆ ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಾರೆ. ನಿಮಗೇನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ, ಬೇರೆಯವರು ಸಂಬಳವೆಂದೋ ರಜೆಯೆಂದೋ ಹೇಳುವ ಕಡೆ, ಆಕೆ ದರ್ಜಿ ತಂಗಿ ಬಂದು ಹೇಳಿದ ಮಾತೊಂದನ್ನು ನೆನೆಯುತ್ತಾರೆ. ಮನೆಗೆ ಬಂದ ಮೇಲೆ ಅಕ್ಕ ತಂಗಿಯ ಮೇಲೆ ಮುನಿಸಿಕೊಂಡಿದ್ದರಂತೆ. ನೀನು ದಿನಾ ಬರ್ತಿದ್ದೆ, ಒಂದು ಮಾತು ಆಡೋಷ್ಟರಲ್ಲಿ ಎದ್ದು ಹೋಗ್ತಿದ್ದೆ, ಅಷ್ಟು ಅವಸರ ಏನಿತ್ತೇ ನಿನಗೆ, ಎಂದರಂತೆ.

"ಹದಿನಾಲ್ಕು ವರ್ಷಕ್ಕೆ ಅತ್ತೆ ಬಿಟ್ಟು ನೋಡಿದೋರು ನನ್ನ ಕೆಲಸದ ಬಗ್ಗೆ ಹೇಳಿದ ಮಾತು ಅದೊಂದೇ" ಎನ್ನುತ್ತಾರೆ. "ಟಿವೀಲಿ ಒಬ್ಬೊಬ್ಬರಿಗೆ ಹನ್ನೊಂದು ಸೆಕೆಂಡು ಇದೆ. ಇನ್ನೊಂದೇ ಒಂದು ಸೆಕೆಂಡು ಕೊಡಿ ಅಂತ ಬರೆದು ಕೊಟ್ಟಿದ್ದೀನಿ. ನೋಡೋಣ ಅಂದಿದ್ದಾರೆ."

ಒಂದು ಸೆಕೆಂಡಿನಲ್ಲಿ ಏನು ಮಾಡುತ್ತೀರಿ?

"ಏನೂ ಮಾಡಲ್ಲ. ಹತ್ರ ಹೋಗಲ್ಲ, ಸರಿಸಲ್ಲ, ಕೈ ತೆಗೆದುಬಿಡ್ತೀನಿ. ಮುಖ ಸುಮ್ನೆ ನಿಂತಿರ್ಲಿ. ಮಾತಾಡೋಕೆ ಇರೋರು ಮಾತಾಡ್ಕೊಳ್ಳಲಿ."